ನಿರ್ದೇಶಕರ ಏಕಾಗ್ರತೆ

ಕಣ್ಣು ಬಿಟ್ಟುಕೊಂಡಿದ್ದರೂ ಎದುರಿಗಿರುವುದು ಮನುಷ್ಯನಿಗೆ ಕಾಣದೆ ಹೋಗುವುದೇಕೆ? ಆ ವಿಜ್ಞಾನಿ ತಲೆ ಕೆಡಿಸಿಕೊಂಡಿದ್ದು ಈ ಒಂದೇ ಪ್ರಶ್ನೆಗೆ. ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂದು ಅಪ್ಪಣೆ ಕೊಡುವುದು ಹಣೆಯ ಹಿಂದಿನ ಮೆದುಳು. ಅದನ್ನು ಪಾಲಿಸುವುದು ಹಿಂದಲೆಯ ದೃಷ್ಟಿಭಾಗ. ಜನರನ್ನು ಸ್ಕ್ಯಾನ್ ಯಂತ್ರದ ಕೊಳವೆಯೊಳಗೆ ಮಲಗಿಸಿ, ಮಸುಕು ಗೆರೆಗಳನ್ನು ತೋರಿಸಿ, ಕಂಡಾಗ ಗುಂಡಿ ಒತ್ತಲು ಹೇಳಿ, ಆ ಅಪ್ಪಣೆ ಹೊರಡುವುದನ್ನು ಅವಳು ಹಿಡಿಯುತ್ತಿದ್ದಳು. ಅವಳ ಅಮ್ಮ ಮಾತ್ರ ನೆಂಟರ ಮುಂದೆ, "ಕಣ್ಣಿನ ಡಾಕ್ಟ್ರೂ ಅಲ್ಲ, ತಲೆ ಡಾಕ್ಟ್ರೂ ಅಲ್ಲ, ಎರಡರ ಮಧ್ಯೆ ಏನೋ ಮಾಡ್ತಾಳೆ" ಎನ್ನುತ್ತಿದ್ದಳು.

ಅವಳ ಸಂಸ್ಥೆಯ ನಿರ್ದೇಶಕರಿಗೆ ತಮ್ಮ ಏಕಾಗ್ರತೆಯ ಮೇಲೆ ಅಪಾರ ಗೌರವ. ಒಬ್ಬರೊಡನೆ ಫೋನಿನಲ್ಲಿ ಮಾತಾಡುತ್ತ, ಇನ್ನೊಬ್ಬರ ಕಾಗದಕ್ಕೆ ಸಹಿ ಹಾಕುತ್ತ, ಮತ್ತೊಬ್ಬರನ್ನು ಗದರುತ್ತ, "ಏಕಾಗ್ರತೆ ಅಂದ್ರೆ ಇದು ನೋಡಿ" ಎನ್ನುವವರು. ಆಡಳಿತ ಮಂಡಳಿಯ ಅಧ್ಯಕ್ಷೆ ಪ್ರಯೋಗಾಲಯ ನೋಡಲು ಬರುತ್ತಾರೆಂದು ಗೊತ್ತಾದ ಕೂಡಲೇ ವಿಜ್ಞಾನಿಯನ್ನು ಕರೆಸಿದರು.

"ಯಾರ್ಯಾರದೋ ಮೆದುಳು ಯಾಕ್ರೀ? ನನ್ನದೇ ತೋರಿಸಿ."

"ಸರ್, ಒಳಗೆ ಅಲ್ಲಾಡದೆ ಮಲಗಿರಬೇಕು. ಫೋನ್ ಒಯ್ಯೋ ಹಾಗಿಲ್ಲ."

"ಸಂಸ್ಥೆಗೋಸ್ಕರ ಅಷ್ಟೂ ಮಾಡಲ್ವೇನ್ರೀ?"

ಅಧ್ಯಕ್ಷೆ ಬಂದ ದಿನ ಮಧ್ಯಾಹ್ನ ಗಡಿಯಾರ, ಬೀಗದ ಕೈ, ಬೆಲ್ಟು ಎಲ್ಲ ಬಿಚ್ಚಿಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈಯಿಂದ ಅಧ್ಯಕ್ಷೆಗೆ ಕೈ ಬೀಸುತ್ತ ನಿರ್ದೇಶಕರು ಕೊಳವೆಯೊಳಗೆ ಹೋದರು. ಗಾಜಿನ ಈಚೆ ದೊಡ್ಡ ಪರದೆಯ ಮೇಲೆ ಅವರ ಮೆದುಳು ಮೂಡಿತು. ಎಲ್ಲರೂ ಅರಳಿದ ಕಣ್ಣುಗಳಿಂದ ನೋಡಿದರು. ಮೊದಮೊದಲು ಗುಂಡಿ ಒತ್ತುವುದು ಚುರುಕಾಗಿಯೇ ಇತ್ತು. ಆಮೇಲೆ ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

ವಿಜ್ಞಾನಿ ತನ್ನ ಮೇಜಿನ ಪುಟ್ಟ ಪರದೆಯತ್ತ ತಿರುಗಿದಳು. ಅಲ್ಲಿ ಕ್ಯಾಮೆರಾ ನಿರ್ದೇಶಕರ ಮುಖವನ್ನು ತೋರಿಸುತ್ತಿತ್ತು. ರೆಪ್ಪೆ ಮುಚ್ಚಿತ್ತು, ಬಾಯಿ ತೆರೆದಿತ್ತು. ಅಷ್ಟರಲ್ಲಿ ಯಂತ್ರದ ಟಕಟಕ ನಡುವೆ ಮೈಕಿನಿಂದ ಇನ್ನೊಂದು ಸದ್ದು ಹರಿದುಬಂತು.

"ಅದೇನು ಸದ್ದು?" ಅಧ್ಯಕ್ಷೆ ಕೇಳಿದರು.

ನಿರ್ದೇಶಕರ ಆಪ್ತ ಕಾರ್ಯದರ್ಶಿ ತಟ್ಟನೆ, "ಯಂತ್ರ ಮೇಡಂ. ಮೆದುಳು ಜೋರಾಗಿ ಕೆಲಸ ಮಾಡ್ತಿದ್ದರೆ ಹೀಗೇ" ಎಂದ.

"ಆದ್ರೆ ಚಿತ್ರದಲ್ಲಿ ಏನೂ ಚಟುವಟಿಕೆ ಕಾಣ್ತಿಲ್ವಲ್ಲ?"

"ಅದೇ ಏಕಾಗ್ರತೆ ಮೇಡಂ!"

ಅಧ್ಯಕ್ಷೆ ವಿಜ್ಞಾನಿಯ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ತಗ್ಗಿಸಿದ್ದು ಹೂಂ ಎಂದಂತೆ ಕಾಣಿಸಿತು. ಮರುವಾರ ಸಂಸ್ಥೆಯ ಪತ್ರಿಕೆಯ ಮುಖಪುಟದಲ್ಲಿ ನಿರ್ದೇಶಕರ ಮೆದುಳು ಅಚ್ಚಾಗಿತ್ತು, ಕೆಳಗೆ 'ಪ್ರಶಾಂತ ನಾಯಕತ್ವ' ಎಂಬ ಸಾಲು. ಇದರ ಮೇಲೆ ಒಂದು ಸಂಶೋಧನಾ ಲೇಖನ ಬರೆಯಿರಿ, ನನ್ನ ಹೆಸರು ಮೊದಲು ಇರಲಿ ಎಂದು ನಿರ್ದೇಶಕರ ಅಪ್ಪಣೆಯೂ ಆಯಿತು.

ಆ ರಾತ್ರಿ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಅಮ್ಮನ ಬಳಿ ಎಲ್ಲ ಹೇಳಿಕೊಂಡಳು.

"ನಿದ್ದೆ ಬಂದಿದ್ದಕ್ಕೆ ನಿದ್ದೆ ಬಂತು ಅನ್ನಕ್ಕೆ ಏನೇ ನಿನಗೆ ದಾಡಿ?" ಎಂದಳು ಅಮ್ಮ.

"ಅವರು ನಿರ್ದೇಶಕರು ಕಣಮ್ಮ."

"ನಿದ್ದೆಗೇನು ಗೊತ್ತು ಅದು?"

ಮರುದಿನ ಅವಳು ಗಟ್ಟಿ ಮನಸ್ಸು ಮಾಡಿ, ಲ್ಯಾಪ್‌ಟಾಪು ಹಿಡಿದು ನಿರ್ದೇಶಕರ ಕೋಣೆಗೆ ಹೋದಳು. ಕ್ಯಾಮೆರಾ ಹಿಡಿದಿದ್ದ ವಿಡಿಯೊ ಹಾಕಿದಳು. ಕೋಣೆಯಲ್ಲಿ ಗೊರಕೆ ತುಂಬಿತು. ಫೋನು ಬಡಿದುಕೊಂಡಿತು, ಮೊದಲ ಬಾರಿಗೆ ಅವರು ಅದನ್ನು ಎತ್ತಲಿಲ್ಲ.

"ಯಾರ್ರೀ ಇದು?"

"ನೀವೇ ಸರ್. ಇದರ ಮೇಲೆ ಏಕಾಗ್ರತೆ ಅಂತ ಬರೆಯಕ್ಕೆ ನನ್ನಿಂದ ಆಗಲ್ಲ."

ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು. ನಿರ್ದೇಶಕರ ಮುಖ ಮೊದಲು ಕೆಂಪಾಯಿತು, ನಂತರ ಸಪ್ಪಗಾಯಿತು. ಪರದೆಯನ್ನು ಹತ್ತಿರ ಎಳೆದುಕೊಂಡು ತಮ್ಮ ತೆರೆದ ಬಾಯನ್ನೇ ನೋಡುತ್ತ ಕುಳಿತರು.

"ಎಷ್ಟು ಚೆನ್ನಾಗಿ ಮಲಗಿದೀನಿ ಅಲ್ವಾ?" ಎಂದರು ಮೆಲ್ಲಗೆ. "ಮನೇಲಿ ಹಾಸಿಗೆ ಮೇಲೆ ಬಿದ್ಕೊಂಡು ಸೂರು ನೋಡ್ತಾ ಇರ್ತೀನಿ, ಡಾಕ್ಟ್ರೇ. ನಿದ್ದೇನೇ ಹತ್ತಲ್ಲ."

ಅವಳೊಳಗಿನ ವಿಜ್ಞಾನಿ ಎಚ್ಚರವಾಗಿದ್ದಳು. ಕಣ್ಣು ಮುಚ್ಚುವ ಮೊದಲೇ ಅವರ ಹಣೆಯ ಹಿಂದಿನ ಅಪ್ಪಣೆ ನಿಂತುಹೋಗಿದ್ದನ್ನು ಅವಳು ಆಮೇಲೆ ದಾಖಲೆಯಲ್ಲಿ ಕಂಡಿದ್ದಳು. ರೆಪ್ಪೆ ತೆರೆದೇ ಇದ್ದರೂ, ಗೆರೆ ಎದುರಿಗೇ ಇದ್ದರೂ, ಅವರು ಕುರುಡರಾಗಿದ್ದರು. ಅವಳು ಹುಡುಕುತ್ತಿದ್ದದ್ದೂ ಅದನ್ನೇ.

"ಸರ್, ಒಪ್ಪಿಗೆ ಇದ್ರೆ ವಾರವಾರ ಬನ್ನಿ. ನಿಜವಾದ ಪ್ರಯೋಗ ಮಾಡೋಣ. ಆದ್ರೆ ಯಂತ್ರದಲ್ಲಿ ಮಲಗಿದವರ ಹೆಸರು ಲೇಖನದಲ್ಲಿ ಬರೋ ಹಾಗಿಲ್ಲ."

ತಾವು ಓದದ ಲೇಖನಗಳಲ್ಲೂ ಹೆಸರು ಹಾಕಿಸಿಕೊಂಡು ಬಂದ ಮನುಷ್ಯ. ಹೆಸರೋ, ನಿದ್ದೆಯೋ ಎಂದು ಬಹಳ ಹೊತ್ತು ಯೋಚಿಸಿದರು.

"ಬುಧವಾರ ಬರ್ಲಾ?" ಎಂದರು.

ಬುಧವಾರ ಬಂದರು. ಫೋನನ್ನು ಕಾರ್ಯದರ್ಶಿಯ ಕೈಗಿಟ್ಟರು.

"ಅಧ್ಯಕ್ಷೆ ಫೋನ್ ಮಾಡಿದ್ರೆ ಸರ್?"

"ವಿಜ್ಞಾನದ ಸೇವೇಲಿದಾರೆ ಅನ್ನು."

ಬಾಗಿಲು ಮುಚ್ಚಿತು. ಅವರಿನ್ನೂ ಸರಿಯಾಗಿ ಕಾಲು ಚಾಚಿರಲಿಲ್ಲ, ಆಗಲೇ ಮೈಕಿನಲ್ಲಿ ಗೊರಕೆ ಶುರುವಾಯಿತು. ವಿಜ್ಞಾನಿ ತಲೆ ಚಚ್ಚಿಕೊಂಡಳು. ಯಂತ್ರವನ್ನು ಚಾಲೂ ಮಾಡುವುದೇ ಬಾಕಿಯಿತ್ತು.