ಕ ಅಕ್ಷರದ ಪಥ್ಯ

೧೯೭೬ರ ಚಳಿಗಾಲದಲ್ಲಿ ಘೋಣಸಗಿಯ ಗೊಲ್ಲಾಳಪ್ಪನ ಎಡಗಾಲಲ್ಲಿ ರಕ್ತ ಹೆಪ್ಪುಗಟ್ಟಿ ಕಾಲು ಬಾತಿತು. ವಿಜಾಪುರದ ಡಾಕ್ಟರು ರಕ್ತ ತೆಳುವಾಗುವ ಗುಳಿಗೆ ಕೊಟ್ಟು, ಹೆಪ್ಪು ಎದೆಗೇರಿದರೆ ಜೀವಕ್ಕೇ ಸಂಚಕಾರ ಎಂದರು. ಜೊತೆಗೊಂದು ಚೀಟಿ: ‘ಕೆ ಜೀವಸತ್ವ ಇರುವುದನ್ನು ಹೆಚ್ಚು ತಿನ್ನಬಾರದು.’

ಹೆಂಡತಿ ಮಲಕವ್ವ ಮೂರನೆಯ ಇಯತ್ತೆ ಕಲಿತವಳು. ಓಣಿಯಲ್ಲಿ ಓದು ಬಲ್ಲ ಹೆಂಗಸು ಅವಳೊಬ್ಬಳೇ, ಆ ಜಂಬವೂ ತುಸು ಇತ್ತೆನ್ನಿ. ಜೀವಸತ್ವ ತಿಳಿಯದಿದ್ದರೇನು, ಕ ಕಾ ಕಿ ಕೀ ತಿಳಿಯದೇ? ಅಂದೇ ಕಡಲೆ, ಕುಸುಬೆ, ಕೊತ್ತಂಬರಿ, ಕರಿಬೇವು ಎಲ್ಲಕ್ಕೂ ಮನೆಯಿಂದ ಗೇಟ್‌ಪಾಸು. ಖಾರ ಮಾತ್ರ ಪೇಚಿಗೆ ಸಿಕ್ಕಿಸಿತು. ಸಾಲಿಯಲ್ಲಿ ಕಲಿತದ್ದು ಖ, ಬಾಯಲ್ಲಿ ಬರುವುದು ಕ. ಎರಡು ದಿನ ಯೋಚಿಸಿ ಅದನ್ನೂ ಬಿಟ್ಟಳು.

ಪಾಪ, ಗಂಡನ ಊಟ ಸಪ್ಪೆಯಾಯಿತೆಂದು ಮೆಂತ್ಯ, ರಾಜಗಿರಿ, ಪುಂಡಿ ಸೊಪ್ಪಿನ ಪಲ್ಯವನ್ನು ಎರಡು ಹೊತ್ತೂ ಗಂಗಾಳ ತುಂಬ ಬಡಿಸಿದಳು. ಒಂದರಲ್ಲೂ ಕ ಇಲ್ಲವಲ್ಲ!

ಹದಿನೈದು ದಿನಕ್ಕೆ ಕಾಲು ಮತ್ತೆ ಬಾತಿತು. ಮಲಕವ್ವನ ತಲೆ ಗಿರ್ರೆಂದಿತು. ಕಬ್ಬಿಣದ ಹಂಚಿನ ಮೇಲೆ ರೊಟ್ಟಿ ಬೇಯಿಸಿದ್ದು ತಪ್ಪಾಯಿತೇ? ‘ಅಕ್ಕಿ’ ಎಂಬ ಮಾತಿನ ನಡುವೆ ಅಡಗಿರುವ ಕ ಲೆಕ್ಕಕ್ಕೆ ಬರುತ್ತದೆಯೇ? ಜೀಪಿನಲ್ಲಿ ತಿಕೋಟಾ ದಾಟಿ ವಿಜಾಪುರ ಮುಟ್ಟುವವರೆಗೂ ಅದೇ ಚಿಂತೆ.

ಏನೇನು ಉಣಿಸಿದಳೆಂದು ಕೇಳಿ ಡಾಕ್ಟರು ಪೆನ್ನು ಕೆಳಗಿಟ್ಟರು. “ಯವ್ವಾ, ಅದು ಇಂಗ್ಲಿಷ್ ಕೆ. ಹಸರ ಎಲಿ ತಪ್ಪಲದಾಗ ಇರೂದು ‘ಕೆ-ಒಂದು’. ನೀ ಉಣಿಸಿದ ಪಲ್ಯೆದಾಗ ಅದು ತುಂಬೇತಿ. ಹೆಚ್ಚಾದ್ರ ಗುಳಗಿ ಕೆಲಸ ಮಾಡಂಗಿಲ್ಲ.”

“ಒಂದು ಅಂದ್ರ ಎರಡೂ ಐತೇನ್ರೀ?”

“ಐತಿ. ತತ್ತಿ, ಬೆಣ್ಣಿಯೊಳಗ ಒಂದೀಟು. ನಮ್ಮ ಕರುಳಿನೊಳಗಿನ ಸಣ್ಣ ಹುಳಾನೂ ಮಾಡ್ತಾವ.”

“ಕರುಳು! ಅದೂ ಕ ಅಲ್ರೀ ಯಪ್ಪಾ! ಅದನ್ನ ಹ್ಯಾಂಗ ಬಿಡಸೂದ್ರಿ?”

“ಯಾವದೂ ಪೂರಾ ಬಿಡಸಬ್ಯಾಡ. ಪಲ್ಯೆ ದಿನಾ ಒಂದ ಅಳತಿ, ಸ್ವಲ್ಪ ಸಾಕು.”

ಹೆಪ್ಪು ಇನ್ನೂ ಮೇಲೇರಿರಲಿಲ್ಲ, ಪುಣ್ಯ. ಗೊಲ್ಲಾಳಪ್ಪನನ್ನು ದವಾಖಾನೆಯಲ್ಲೇ ಉಳಿಸಿಕೊಂಡರು. ಮಲಕವ್ವ ಅವನ ಕಾಲ ಬಳಿ ಕುಳಿತು ಅತ್ತಳು.

“ಮದಲಿಂದ ನಿಮಗ ಮೆಂತೆ ಪಲ್ಯೆ ಸೇರೂದಿಲ್ಲ. ಎರಡ ಹೊತ್ತೂ ಯಾಕ ಉಂಡ್ರಿ? ಬ್ಯಾಡ ಅನಬಾರದಿತ್ತ?”

“ಓದಿದಾಕಿ ನೀ ಹಾಕೀದಿ,” ಎಂದ ಗೊಲ್ಲಾಳಪ್ಪ. “ನಾ ಉಂಡೆ.”