ಕುಕ್ಕರಿನಲ್ಲಿ ಬಚ್ಚಿಟ್ಟ ಪಾರ್ಸೆಲ್

ಎಸರು ಕುದಿಯುವ ಮುಂಚೆ ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಮೇಲೆ ಬರಲೋ ಬೇಡವೋ ಎಂದು ಅಲ್ಲೇ ಅಂಟಿಕೊಂಡು ಕೂತಿರುತ್ತವೆ, ಅನಸೂಯಮ್ಮ ಅವನ್ನೇ ನೋಡುತ್ತ ನಿಂತಿದ್ದಾಳೆ, ಒಂದು ಗುಳ್ಳೆ ಕಳಚಿಕೊಂಡಿತು, ಹಿಂದೆಯೇ ಇನ್ನೊಂದು, ಕಿಟಕಿಯ ಬಿಸಿಲು ನೀರಿನೊಳಗೆ ಇಳಿದು ಅಲ್ಲಾಡುತ್ತಿದೆ, ಗಂಟೆ ಎಷ್ಟಾಯಿತೋ, ಹನ್ನೆರಡೂವರೆ ಇರಬೇಕು, ಊಟಕ್ಕೆ ಬರುವವರು ಶಿಡ್ಲಘಟ್ಟ ಬಿಟ್ಟಿರುತ್ತಾರೆ, ಕಾರಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಅದೆಷ್ಟು ಹೊತ್ತು, ಬಾಗಿಲ ಮುಂದೆ ಹಾರ್ನ್ ಹೊಡೆಯುವಷ್ಟರಲ್ಲಿ ಮುದ್ದೆ ಆಗಿರಬೇಕು, ತೀರಾ ಮುಂಚೆ ಆದರೂ ತಪ್ಪು, ಆರಿದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಬಸ್ಸಾರು ಬೆಳಗ್ಗೆಯೇ ಆಗಿದೆ — ದಂಟಿನ ಸೊಪ್ಪು, ಒಂದು ಹಿಡಿ ಹೊನಗೊನೆ, ಅಲಸಂದೆ ಕಾಳು, ಬೇಯಿಸಿ ಬಸಿದ ನೀರು ಸಾರಿಗೆ, ಬಸಿದುಳಿದದ್ದು ಒಗ್ಗರಣೆ ಬಿದ್ದು ಪಲ್ಯಕ್ಕೆ, ಒಂದೇ ಸೊಪ್ಪಿನಲ್ಲಿ ಎರಡು ಅಡಿಗೆ, ಇಂಥ ಜಾಣತನ ಹೊಟ್ಟೆಗಿಲ್ಲದ ಕಾಲದಲ್ಲೇ ಹುಟ್ಟುವುದು ಎಂದು ಅವಳ ಅಮ್ಮ ನಗುತ್ತಿದ್ದಳು, ನಗುವಾಗ ಅಮ್ಮನ ಹೊಗೆ ಕುಡಿದ ಕಣ್ಣಿನಲ್ಲಿ ನೀರು, ಗುಡಿಸಲಿನ ಮೂರು ಕಲ್ಲಿನ ಒಲೆ, ಈಗ ಗ್ಯಾಸು, ಗ್ರಾನೈಟ್ ಕಟ್ಟೆ, ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧ. ಹಾಲಿನಿಂದ ಗಂಡ ಬಯ್ಯಪ್ಪನವರ ದನಿ ಬರುತ್ತದೆ, ಬೆಳ್ಳುಳ್ಳಿ ಜಾಸ್ತಿ ಹಾಕಿದೀಯ ತಾನೆ ಅನಸೂಯಾ, ರಾಮಾಂಜಿಗೆ ಬೆಳ್ಳುಳ್ಳಿ ಅಂದ್ರೆ ಪ್ರಾಣ. ಹೂಂ ಎಂದಳು. ಬಯ್ಯಪ್ಪನವರಿಗೆ ಎಂಟು ದಿನದ ಹಿಂದೆ ಕಣ್ಣಿನ ಆಪರೇಷನ್ ಆಗಿದೆ, ಧೂಳಿಗೆ ಹೋಗಬಾರದು ಎಂದಿದ್ದಾರೆ ಡಾಕ್ಟರು, ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕೂತು ಟೀವಿಯನ್ನು ಕೇಳುತ್ತಿದ್ದಾರೆ, ಹಳೇ ಸಿನಿಮಾದ ಖಳನಾಯಕನ ಹಾಗೆ ಕಾಣುತ್ತಾರೆ, ಆದರೆ ಬೆಳಗ್ಗೆಯಿಂದ ಅವರ ಮುಖದಲ್ಲಿ ಇರುವ ಸಂತೋಷ ಯಾವ ಖಳನಾಯಕನಿಗೂ ಇರಲಾರದು. ಅನಸೂಯಮ್ಮ ಆ ಮುಖವನ್ನು ನೆನೆದು ಮೂಲೆಯ ದೊಡ್ಡ ಕುಕ್ಕರಿನ ಕಡೆ ಒಮ್ಮೆ ನೋಡಿದಳು, ಕಣ್ಣು ತಿರುಗಿಸಿಕೊಂಡಳು.

ಮೂವತ್ತು ವರ್ಷದಿಂದ ಈ ಬಸ್ಸಾರನ್ನು ಬಯ್ಯಪ್ಪ ಬಾಯಲ್ಲೇ ಬಡಿಸುತ್ತ ಬಂದಿದ್ದಾರೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಇವರು ತೂಕದ ಕಡೆ, ರಾಮಾಂಜಿನಪ್ಪನವರು ಹರಾಜಿನ ಕಡೆ, ಹರಾಜು ಮುಗಿದ ಮೇಲೆ ಮೈಗೆಲ್ಲ ರೇಷ್ಮೆಗೂಡಿನ ವಾಸನೆ ಅಂಟಿಸಿಕೊಂಡು ಎದುರಿನ ಹೋಟೆಲಿಗೆ ಹೋಗಿ ಒಂದೇ ಮಸಾಲೆದೋಸೆ ತರಿಸಿ ಎರಡು ಕಡೆಯಿಂದ ಮುರಿದು ತಿನ್ನುತ್ತಿದ್ದವರು, ನಡುವಿನ ಆಲೂಗಡ್ಡೆ ಪಲ್ಯ ಯಾರಿಗೆ ಎಂದು ಕಿತ್ತಾಡುತ್ತಿದ್ದವರು, ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ ಅನಸೂಯಮ್ಮನಿಗೆ ಹೊಟ್ಟೆಕಿಚ್ಚೇ ಆಗಿತ್ತು. ಆಮೇಲೆ ತಿಂಗಳಿಗೊಂದು ಭಾನುವಾರ ಎರಡು ಸಂಸಾರವೂ ಒಟ್ಟಿಗೆ ಹೋಟೆಲಿಗೆ — ಒಮ್ಮೆ ಚಿಂತಾಮಣಿ, ಒಮ್ಮೆ ಗೌರಿಬಿದನೂರು, ಮಗಳು ಅಮೃತಳ ಹುಟ್ಟುಹಬ್ಬಕ್ಕೆ ತಪ್ಪದೆ ಪೆರೇಸಂದ್ರದ ಹೈವೇ ಹೋಟೆಲು, ಹೊರಗೆ ಲಾರಿಗಳ ಸದ್ದು, ಒಳಗೆ ಸಾಂಬಾರಿನ ಹಬೆ, ಎದುರಿಗೆ ರಾಮಾಂಜಿನಪ್ಪನವರ ಹೆಂಡತಿ ಚಿಕ್ಕವೆಂಕಟಮ್ಮ, ತನ್ನ ತಟ್ಟೆಯ ವಡೆ ಮುರಿದು ಅರ್ಧ ಅನಸೂಯಮ್ಮನ ತಟ್ಟೆಗೆ ಹಾಕಿ ತಿನ್ನಮ್ಮಾ ತಿನ್ನು, ಗರಿಗರಿ ಇದೆ, ಎನ್ನುತ್ತಿದ್ದಳು, ಆ ಅರ್ಧ ವಡೆ ಎಷ್ಟು ರುಚಿಯಾಗಿತ್ತು, ಹೋಟೆಲಿನಲ್ಲಿ ಎಲ್ಲವೂ ಎಷ್ಟು ಸಲೀಸು. ರಾಮಾಂಜಿನಪ್ಪನವರಿಗೆ ಶುಗರ್ ಬಂದ ಮೇಲೆ ಅನ್ನ ಮುಟ್ಟುವುದಿಲ್ಲ, ಹೋಟೆಲಿನಲ್ಲೂ ಮುದ್ದೆಯೇ ಆಗಬೇಕು, ಮುದ್ದೆಗೆ ಕೊಡುವ ಸಾರು ನೀರುನೀರು, ಆಗ ಬಯ್ಯಪ್ಪ ಶುರುಮಾಡುತ್ತಾರೆ, ನಮ್ಮ ಅನಸೂಯಾ ಮಾಡೋ ಬಸ್ಸಾರು ತಿನ್ಬೇಕು ಕಣೋ ನೀನು, ಇದೂ ಒಂದು ಸಾರೇನೋ. ರಾಮಾಂಜಿನಪ್ಪನವರು ತಲೆಯಾಡಿಸುತ್ತಾರೆ, ತಿನ್ನಣ ಕಣೋ, ಒಂದಿನ ಬಂದು ತಿನ್ನಣ, ನಿಮ್ಮನೆ ಎಲ್ಲಿ ಹೋಗ್ತದೆ. ಮನೆ ಎಲ್ಲಿಗೂ ಹೋಗಲಿಲ್ಲ, ಬಾಡಿಗೆ ಮನೆ ಮೂರು ಬದಲಾದವು, ಸ್ವಂತದ್ದು ಎದ್ದಿತು, ಅಮೃತ ಓದಿ ಗೌರಿಬಿದನೂರಿನ ಕಾಲೇಜಿಗೆ ಲೆಕ್ಚರರ್ ಆದಳು, ಆ ಒಂದು ದಿನ ಮಾತ್ರ ಬರಲಿಲ್ಲ. ಬಯ್ಯಪ್ಪನವರಿಗೆ ಅದು ಲೆಕ್ಕಕ್ಕೇ ಇಲ್ಲ, ಅವನಿಗೆ ಪುರಸೊತ್ತೆಲ್ಲಿ ಎನ್ನುತ್ತಾರೆ.

ರಾಗಿಹಿಟ್ಟು ಎಸರಿನ ನಡುವೆ ಗುಡ್ಡೆಯಾಗಿ ಬಿತ್ತು, ಕೋಲಿನಿಂದ ಒಂದು ತೂತು, ಉರಿ ಸಣ್ಣಗೆ, ಇನ್ನು ಸ್ವಲ್ಪ ಹೊತ್ತು ಅದರ ಪಾಡಿಗೆ ಅದು ಬೇಯಬೇಕು, ಕುದಿಯುವ ನೀರು ಹಿಟ್ಟಿನ ಸುತ್ತ ಗುಳುಗುಳು ಎನ್ನುತ್ತ — ಅವರ ಊರಿನ ಮನೆಯ ಜಗಲಿ, ಹುಣಸೆಮರದ ನೆರಳು, ರಾಮಾಂಜಿನಪ್ಪನವರ ತಾಯಿಯ ತಿಥಿಗೆ ಹೋಗಿದ್ದು, ಊರೊಳಗಿನ ದೊಡ್ಡ ಹೊಲಮನೆಯ ಕುಳ ಅವರದು, ತಮ್ಮದು ಪಕ್ಕದೂರಿನ ಕೇರಿ, ಹೆಸರು ಕೇಳಿದರೆ ಸಾಕು ಎಲ್ಲರಿಗೂ ತಿಳಿಯುತ್ತದೆ, ಜಗಲಿಯ ಮೇಲೆ ಹತ್ತು ಜನ ಕೂತಿದ್ದರು, ಚಿಕ್ಕವೆಂಕಟಮ್ಮನೇ ಕಾಫಿ ತಂದಳು, ಎಂಟು ಸ್ಟೀಲ್ ಲೋಟ, ಎರಡು ಪೇಪರ್ ಕಪ್ಪು, ಕಪ್ಪಿನ ಮೇಲೆ ಹಳದಿ ಹೂವಿನ ಚಿತ್ರ, ಬಿಸಿಗೆ ಮೆತ್ತಗಾಗಿ ಬೆರಳ ನಡುವೆ ಬಾಗುತ್ತಿತ್ತು. ಹಗುರಾಗಿದೆ, ತೊಳೆಯೋ ಕೆಲಸ ಇಲ್ಲ, ಒಳ್ಳೇದಾಯ್ತು ಎಂದು ಬಯ್ಯಪ್ಪ ಬಸ್ಸಿನಲ್ಲಿ ಹೇಳಿದ್ದರು, ನಿಜವಾಗಿಯೂ ಹಾಗೆಂದುಕೊಂಡೇ ಹೇಳಿದ್ದರು, ಆ ಮನುಷ್ಯನಿಗೆ ಗೆಳೆಯನ ವಿಷಯದಲ್ಲಿ ಕಣ್ಣಿನ ಪೊರೆ ಮೂವತ್ತು ವರ್ಷದ ಹಿಂದೆಯೇ ಬಂದಿತ್ತು. ಆಮೇಲೆ ಈ ಮನೆಯ ಗೃಹಪ್ರವೇಶ. ಹೋಳಿಗೆ ಊಟ, ಬಂದವರು ತಿಂದಿದ್ದೇ ತಿಂದಿದ್ದು, ಚಿಕ್ಕವೆಂಕಟಮ್ಮ ಮಾತ್ರ ಒಂದು ಬಾಳೆಹಣ್ಣು, ಎಲೆಅಡಿಕೆ, ನಂಗಿವತ್ತು ಒಪ್ಪತ್ತು ಕಣಮ್ಮ, ಬೇಜಾರ್ ಮಾಡ್ಕೋಬೇಡ ಎಂದು ಕೈ ಹಿಡಿದುಕೊಂಡಳು, ಅವಳ ಜೊತೆಗೆ ಅವಳ ಗಂಡನೂ ಎದ್ದರು, ಇವಳನ್ನ ಬಿಟ್ಟು ನಾನೊಬ್ನೇ ಹೆಂಗೆ ತಿನ್ನಲಿ ಎಂದರು. ಅಂದಿನಿಂದ ಅನಸೂಯಮ್ಮನಿಗೆ ಚಿಕ್ಕವೆಂಕಟಮ್ಮನ ಮೇಲೆ ಸಿಟ್ಟು, ಗಂಡ ಚಿನ್ನದಂಥವನು, ಇವಳದೇ ಮಡಿ ಎಂಬ ಸಿಟ್ಟು. ಈಗ ಕಣ್ಣಿನ ಆಪರೇಷನ್ನಿನಿಂದ ಭಾನುವಾರದ ಹೋಟೆಲು ತಪ್ಪಿತು, ತಪ್ಪಿದ್ದಕ್ಕೆ ಫೋನಿನಲ್ಲಿ ರಾಮಾಂಜಿನಪ್ಪನವರು ಬಾಯಿತಪ್ಪಿಯೋ ಪ್ರೀತಿಗೋ ನಾವೇ ಬಂದ್ಬಿಡ್ತೀವಿ ಕಣೋ ಅಂದುಬಿಟ್ಟರು, ಬಯ್ಯಪ್ಪ ಊಟಕ್ಕೇ ಬಾ ಅಂದರು, ಆ ಕಡೆ ಒಂದು ಗಳಿಗೆ ಸದ್ದಿಲ್ಲ, ಆಮೇಲೆ ಆಯ್ತು ಬಿಡು. ಆ ಒಂದು ಗಳಿಗೆಯ ಸದ್ದಿಲ್ಲದ್ದು ಸ್ಪೀಕರ್ ಹಾಕಿದ ಫೋನಿನಿಂದ ಅನಸೂಯಮ್ಮನಿಗೆ ಚೆನ್ನಾಗಿ ಕೇಳಿಸಿತು.

ಅದಕ್ಕೇ ಈ ಕುಕ್ಕರು. ಬೆಳಗ್ಗೆ ಹನ್ನೊಂದಕ್ಕೆ ಹುಣಸೆಹಣ್ಣು ಮುಗಿದಿದೆ ಎಂದು ಸುಳ್ಳು ಹೇಳಿ ಹೊರಟು, ಆಟೋ ಹಿಡಿದು, ಹೋಟೆಲಿನಿಂದ ಎರಡು ಮಟನ್ ಬಿರಿಯಾನಿ ಕಟ್ಟಿಸಿಕೊಂಡು, ಸೆರಗಿನಡಿ ಕಳ್ಳಮಾಲಿನ ಹಾಗೆ ತಂದು, ದೊಡ್ಡ ಕುಕ್ಕರಿನಲ್ಲಿ ಕೂರಿಸಿ ಮುಚ್ಚಳ ಬಿಗಿದಿದ್ದಾಳೆ, ಆರಬಾರದು, ವಾಸನೆಯೂ ಹೋಗಬಾರದು. ಅವರು ಒಪ್ಪತ್ತು ಅಂದರೆ, ಹೊಟ್ಟೆ ಸರಿಯಿಲ್ಲ ಅಂದರೆ, ತಕ್ಷಣ ಇದನ್ನು ಮುಂದಿಡಬೇಕು, ಹೋಟೆಲಿನದು ತಿನ್ನುವವರೇ ತಾನೆ, ಬಿರಿಯಾನಿ ವಾಸನೆಗೆ ಒಪ್ಪತ್ತೂ ಶುಗರೂ ಮರೆತು ತಿಂದುಬಿಡುತ್ತಾರೆ, ಬಯ್ಯಪ್ಪನವರ ಎದುರಿಗೆ ಬರಿಹೊಟ್ಟೆಯಲ್ಲಿ ಎದ್ದುಹೋಗುವುದು ತಪ್ಪುತ್ತದೆ. ಅಮೃತ ಫೋನಿನಲ್ಲಿ ರೇಗಿದ್ದಳು, ಅಮ್ಮಾ ನೀನು ಮಾಡಿದ್ದನ್ನ ತಿಂದ್ರೆ ತಿನ್ಲಿ, ಇಲ್ದಿದ್ರೆ ಹೋಗ್ಲಿ, ನೀನ್ಯಾಕೆ ಅವರಿಗೆ ದಾರಿ ಮಾಡಿಕೊಡ್ತೀಯ. ಓದಿದ ಹುಡುಗಿಗೆ ಹೇಗೆ ಹೇಳುವುದು, ಇದು ಅವರಿಗಲ್ಲ ಕಣೇ ತಾಯಿ, ನಿಮ್ಮಪ್ಪನಿಗೆ, ಅರವತ್ತೆರಡನೇ ವಯಸ್ಸಿನಲ್ಲಿ ಇರುವ ಒಬ್ಬನೇ ಗೆಳೆಯನ ಮನೆಯವರು ಇಂಥವರು ಎಂದು ಗೊತ್ತಾದರೆ ಆ ಮನುಷ್ಯ ಎಲ್ಲಿಗೆ ಹೋಗಬೇಕು. ಹಿಟ್ಟು ಬೆಂದಿತು, ಪಾತ್ರೆಯನ್ನು ನೆಲಕ್ಕಿಳಿಸಿ ಕಾಲಿನಿಂದ ಒತ್ತಿಹಿಡಿದು ಕೋಲಿನಿಂದ ತಿರುವುತ್ತಿದ್ದಾಳೆ, ರಟ್ಟೆ ನೋಯುತ್ತದೆ, ಗಂಟು ಉಳಿಯಬಾರದು, ಇವತ್ತು ಒಂದೂ ಗಂಟು ಉಳಿಯಬಾರದು, ಯಾಕೆ ಉಳಿಯಬಾರದು, ತಿನ್ನದವರಿಗೆ ಗಂಟಾದರೇನು, ಆದರೂ ಕೈ ನಿಲ್ಲುತ್ತಿಲ್ಲ, ಒದ್ದೆ ಅಂಗೈಯಲ್ಲಿ ಒಂದು ಮುದ್ದೆ, ಎರಡು, ಮೂರು, ನಾಲ್ಕು, ಹೊಳೆಯುತ್ತ, ಹಬೆಯಾಡುತ್ತ, ಈ ಹಬೆಯಲ್ಲಿ ನಿಂತರೆ ನಿದ್ದೆ ಬಂದ ಹಾಗಾಗುತ್ತದೆ, ಇವನ್ನು ಅವರು ತಿನ್ನುತ್ತಾರೆ ಎಂದು ಒಳಗಿನ ಯಾವುದೋ ಹುಚ್ಚು ಹುಡುಗಿ ಹೇಳುತ್ತಾಳೆ, ತಿನ್ನಲಿ ದೇವರೇ, ಇದೊಂದು ಸಲ ತಿಂದುಬಿಡಲಿ, ಹೀಗೆ ಬೇಡಿಕೊಳ್ಳುತ್ತಿರುವುದಕ್ಕೆ ನಾಚಿಕೆಯೂ ಆಗುತ್ತದೆ. ಹಾರ್ನ್. ಬಾಗಿಲಲ್ಲಿ ಬಯ್ಯಪ್ಪನವರ ನಗು, ಬಾರೋ ಬಾರೋ, ಚಪ್ಪಲಿ ಅಲ್ಲೇ ಇರ್ಲಿ ಬಾ. ಚಿಕ್ಕವೆಂಕಟಮ್ಮ ನೇರ ಅಡಿಗೆಮನೆಗೇ ಬಂದಳು, ಏನಮ್ಮಾ ಅನಸೂಯಾ ಎಂದಳು, ಒಲೆ ನೋಡಿದಳು, ಮುದ್ದೆ ನೋಡಿದಳು, ಇನ್ನೇನೋ ಹೇಳಲು ಬಾಯಿ ತೆರೆದಳು, ಬಂತು ಒಪ್ಪತ್ತು, ಬಂದೇಬಿಟ್ಟಿತು, ಅನಸೂಯಮ್ಮನ ಕೈ ತಾನಾಗಿ ಕುಕ್ಕರಿನ ಮುಚ್ಚಳ ತಿರುಗಿಸಿತು, ಹೋಟೆಲಿಂದೂ ತಂದಿದೀನಿ ಅಕ್ಕ, ಬಿರಿಯಾನಿ, ನೀವು ಅದನ್ನೇ ತಿನ್ನಿ. ಬಿರಿಯಾನಿಯ ವಾಸನೆ ಮನೆ ತುಂಬ ಹೋಯಿತು.

ಚಿಕ್ಕವೆಂಕಟಮ್ಮ ತೆರೆದ ಬಾಯನ್ನು ಮುಚ್ಚಿಕೊಂಡಳು. ನಾನು ಕುಡಿಯಕ್ಕೆ ನೀರು ಕೇಳೋಣ ಅಂತಿದ್ದೆ ಕಣಮ್ಮ, ಎಂದಳು. ತಾನೇ ಕೊಡದಿಂದ ನೀರು ಬಗ್ಗಿಸಿಕೊಂಡು, ಅನಸೂಯಮ್ಮ ಕುಡಿದಿಟ್ಟಿದ್ದ ಲೋಟದಲ್ಲೇ ಗಟಗಟ ಕುಡಿದು, ಹಾಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು, ಗೃಹಪ್ರವೇಶದ ದಿನ ನಂಗೆ ಒಪ್ಪತ್ತೂ ಇರ್ಲಿಲ್ಲ ಏನೂ ಇರ್ಲಿಲ್ಲ, ಹಂಗನ್ನು ಅಂತ ನಮ್ಮ ಯಜಮಾನ್ರು ಕಾರಲ್ಲೇ ಹೇಳಿಕೊಟ್ಟು ಕರ್ಕೊಂಡ್ಬಂದಿದ್ರು. ಹಾಗಾದರೆ ಆ ಪೇಪರ್ ಕಪ್ಪು, ಎಂದು ಅನಸೂಯಮ್ಮನ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು, ಅದನ್ನು ತಂದ ಕೈ ಇದೇ ಅಲ್ಲವೇ, ಯಾರು ಯಾರಿಗೆ ಏನೇನು ಹೇಳಿಕೊಟ್ಟಿದ್ದಾರೋ, ಹಾಲಿನಿಂದ ರಾಮಾಂಜಿನಪ್ಪನವರ ದನಿ, ಬಿರಿಯಾನಿ ವಾಸನೆ ಬರ್ತಾ ಇದೆಯಲ್ಲಮ್ಮ. ಇನ್ನು ಬಚ್ಚಿಡುವಂತಿಲ್ಲ, ಎರಡನ್ನೂ ತಂದು ಮೇಜಿನ ಮೇಲಿಟ್ಟಳು, ನಾಲ್ಕು ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಬಸ್ಸಾರು, ಪಕ್ಕದಲ್ಲಿ ಹೋಟೆಲಿನ ಬೆಳ್ಳಿಬಣ್ಣದ ಡಬ್ಬಿ. ಇದನ್ಯಾಕೆ ತರಿಸಿದ್ಯಮ್ಮ ಎನ್ನುತ್ತಲೇ ರಾಮಾಂಜಿನಪ್ಪನವರ ಮುಖ ಸಡಿಲಾಯಿತು, ಅವಳು ಕಂಡಳು, ಬಸ್ಸಿನಲ್ಲಿ ಸೀಟು ಸಿಕ್ಕವರ ಮುಖ ಹಾಗಾಗುತ್ತದೆ, ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡರು, ಬಿಸಿ ಇದೆ, ಮೊದ್ಲು ಇದನ್ನ ನೋಡಿಬಿಡಣ. ಅನ್ನ ತಿಂತೀಯೇನೋ, ನಿಂಗೆ ಶುಗರ್ ಅಲ್ವಾ ಎಂದರು ಬಯ್ಯಪ್ಪ. ಒಂದಿನಕ್ಕೇನಾಗ್ತದೆ ಬಿಡೋ. ಬಯ್ಯಪ್ಪ ಇನ್ನೂ ನಗುತ್ತಲೇ ಇದ್ದರು, ಮೇಜಿನ ಮೇಲೆ ತಡವಿ, ಗೆಳೆಯನ ಪಾಲಿನ ಮುದ್ದೆಯ ತಟ್ಟೆಯನ್ನು ಹುಡುಕಿ ಅವರ ಕಡೆಗೆ ಸರಿಸಿದರು, ಒಂದು ತುತ್ತು ನೋಡೋ, ಒಂದೇ ತುತ್ತು. ತಟ್ಟೆ ಸ್ವಲ್ಪ ದೂರ ಹೋಯಿತು. ರಾಮಾಂಜಿನಪ್ಪನವರ ಎಡಗೈ ಬಂದು ಆ ಕಡೆಯ ಅಂಚನ್ನು ಹಿಡಿಯಿತು. ತಟ್ಟೆ ನಿಂತಿತು. ಚಿಕ್ಕವೆಂಕಟಮ್ಮ ಆಗಲೇ ಕೂತು ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ನುಂಗಿದ್ದಳು, ಚಾಲಾ ಬಾಗುಂದಮ್ಮಾ, ನಮ್ಮತ್ತೆ ಕೈಗೂ ಈ ರುಚಿ ಇರ್ಲಿಲ್ಲ ಎಂದಳು, ಇಷ್ಟು ವರ್ಷ ಕಾದ ಮಾತು, ಅನಸೂಯಮ್ಮನ ಕಿವಿಯ ಪಕ್ಕದಿಂದ ಹಾಗೇ ಹಾದುಹೋಯಿತು.

ಕಾರು ಹೋಯಿತು. ಬಾಗಿಲು ಹಾಕಿದ್ದಾಯಿತು. ಸಿಂಕಿನಲ್ಲಿ ನೀರು ಸುರಿಯುತ್ತಿದೆ, ತೊಳೆಯುತ್ತಿದ್ದಾಳೆ, ರಾಗಿ ಅಂಟಿದ ಪಾತ್ರೆ, ಬಟ್ಟಲು, ಜಿಡ್ಡು ಬಿಡದ ಡಬ್ಬಿಯನ್ನು ಯಾಕೆ ತೊಳೆಯುತ್ತಿದ್ದಾಳೆ, ಬಿಸಾಡುವ ಡಬ್ಬಿ, ಮುಂದಿನ ತಿಂಗಳು ಪೆರೇಸಂದ್ರಕ್ಕೆ ಹೋಗಣ ಕಣೋ ಎಂದು ಹೊರಡುವಾಗ ಅವರು ಹೇಳಿದ್ದರು, ಬಯ್ಯಪ್ಪ ಹೂಂ ಎಂದರೇ, ಅಂದ ಹಾಗಿಲ್ಲ, ಮೇಜಿನ ಹತ್ತಿರ ಎರಡು ಕೈ, ಒಂದು ತಳ್ಳುತ್ತಿತ್ತು, ಒಂದು ತಡೆಯುತ್ತಿತ್ತು, ಅದು ಎಷ್ಟು ಹೊತ್ತು ಇತ್ತು, ಒಂದು ಉಸಿರು, ಎರಡು ಉಸಿರು, ಪಾರ್ಸೆಲ್ ಇಲ್ಲದಿದ್ದರೆ ಆ ಎಡಗೈ ಏನು ಮಾಡುತ್ತಿತ್ತು, ದಾಕ್ಷಿಣ್ಯಕ್ಕಾದರೂ ಒಂದು ತುತ್ತು ಮುರಿಯುತ್ತಿತ್ತೋ ಏನೋ, ಮುರಿದಿದ್ದರೆ ಎಲ್ಲ ಹಾಗೇ ನಡೆದುಕೊಂಡು ಹೋಗುತ್ತಿತ್ತು, ಮುಚ್ಚಬೇಕೆಂದು ತಂದದ್ದರಿಂದಲೇ ತೆರೆದುಕೊಂಡಿತು, ತಾನೇ ತೆರೆದಳು, ತನ್ನ ಕೈಯಾರೆ. ಬೆನ್ನ ಹಿಂದೆ ಹೆಜ್ಜೆ ಸದ್ದು. ಬಯ್ಯಪ್ಪ ಅಡಿಗೆಮನೆಯ ಬಾಗಿಲು ಹಿಡಿದು ನಿಂತಿದ್ದಾರೆ, ಕಪ್ಪು ಕನ್ನಡಕ ತೆಗೆದಿದ್ದಾರೆ, ತೆಗೆಯಬಾರದು, ಡಾಕ್ಟರು ಹೇಳಿದ್ದಾರೆ, ಕಣ್ಣು ಕೆಂಪಗಿದೆ, ನಿಂಗೆ ಮೊದ್ಲೇ ಗೊತ್ತಿತ್ತಾ ಅನಸೂಯಾ, ಎಂದು ಕೇಳುತ್ತಿದ್ದಾರೆ, ಮೆಲ್ಲಗೆ, ಬೈಗುಳವಿಲ್ಲದೆ, ದಾರಿ ಕೇಳುವವರ ಹಾಗೆ. ಉತ್ತರ ಹೇಳಬೇಕು. ನೀರು ನಿಲ್ಲಿಸಿ ತಿರುಗಿ ಏನಾದರೂ ಹೇಳಬೇಕು, ಇಲ್ಲ ಅನ್ನಬೇಕೋ, ಹೌದು ಅನ್ನಬೇಕೋ, ಎಷ್ಟು ವರ್ಷದಿಂದ ಅನ್ನಬೇಕೋ, ಮಾತು ಹುಡುಕಿದರೆ ಸ್ಟೀಲ್ ತಟ್ಟೆ ಸಿಗುತ್ತದೆ, ಈ ಅಂಚಿನ ಮೇಲೆ ನಾಲ್ಕು ಬೆರಳು, ಆ ಅಂಚಿನ ಮೇಲೆ ನಾಲ್ಕು ಬೆರಳು, ನಡುವೆ ಮುರಿಯದ ಮುದ್ದೆ, ನಿಂಗೆ ಮೊದ್ಲೇ ಗೊತ್ತಿತ್ತಾ, ನಾಲ್ಕು ಬೆರಳು, ನಾಲ್ಕು ಬೆರಳು, ತಟ್ಟೆ ಅಲ್ಲಾಡುತ್ತಿಲ್ಲ, ತಟ್ಟೆ —