ಬಲಗೈಯಲ್ಲಿದ್ದ ಚೆಂಡು

ಮೊದಲಿಗೆ ಕ್ಷಮೆ ಕೇಳಿಬಿಡುವುದು ಮೇಲು. ರಗ್ಬಿ ಆಟದ ಕಥೆಯನ್ನು ಆ ಆಟ ಆಡಿ ಮೂಳೆ ಮುರಿದುಕೊಂಡವರು ಹೇಳಬೇಕು. ಇದು ಗೆರೆಯಾಚೆ ನಿಂತು ಚಪ್ಪಾಳೆ ತಟ್ಟಿದವರ ಕಥೆ, ಅವರಲ್ಲೂ ಎಲ್ಲರಿಗಿಂತ ಹಿಂದೆ ನಿಂತಿದ್ದ ಒಬ್ಬ ಗುಮಾಸ್ತರದು. ಅದರಲ್ಲಿ ಸತ್ತವರ ಹೆಸರು ಬರುತ್ತದೆ, ಬದುಕಿರುವವರ ಹೆಸರೂ ಬರುತ್ತದೆ. ಆಟದ ವಿಷಯದಲ್ಲಿ ಏನಾದರೂ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

ಅಯ್ಯಣ್ಣ ತೀರಿಕೊಂಡ ಸುದ್ದಿ ಶಂಕರಪ್ಪನವರಿಗೆ ತಿಳಿದದ್ದು ದ್ವಾರಕಾದ ಹಾಲಿನ ಬೂತಿನ ಮುಂದೆ, 2006ರ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ. ಹೇಳಿದವರು ಅವರದೇ ಸೊಸೈಟಿಯ ಚಂದ್ರಕಾಂತ. ಒಂದೇ ಕಚೇರಿಯಲ್ಲಿ ಚಂದ್ರಕಾಂತ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದರೆ, ಶಂಕರಪ್ಪ ಗುಮಾಸ್ತರಾಗಿಯೇ ಮನೆಗೆ ಬಂದಿದ್ದರು.

"ನಮ್ಮ ಎಡಗೈ ಹೋಗಿಬಿಟ್ಟರು ಶಂಕರಪ್ನೋರೆ," ಅಂದರು ಚಂದ್ರಕಾಂತ. ಹಾಲಿನ ಕ್ಯಾನು ಹಿಡಿದುಕೊಂಡು ಇಬ್ಬರೂ ಸಾಲಿನಿಂದ ಈಚೆ ಬಂದು ನಿಂತರು.

ಎಪ್ಪತ್ತರ ದಶಕದಲ್ಲಿ ದೆಹಲಿಯ ಸರ್ಕಾರಿ ಕ್ವಾರ್ಟರ್ಸುಗಳಲ್ಲಿದ್ದ ಕನ್ನಡದವರಿಗೆ ಭಾನುವಾರ ಮಾಡಲು ಹೆಚ್ಚೇನೂ ಕೆಲಸ ಇರಲಿಲ್ಲ. ಕಂಟೋನ್ಮೆಂಟ್ ಮೈದಾನದಲ್ಲಿ ಸೈನ್ಯದ ತಂಡವೊಂದು ರಗ್ಬಿ ಆಡುತ್ತದೆ, ಅದರಲ್ಲಿ ಕೊಡಗಿನವರಿಬ್ಬರು ಇದ್ದಾರೆ ಎಂದು ಯಾರೋ ಹೇಳಿದ್ದೇ ಸಾಕಾಯಿತು. ಆಟದ ತಲೆಬುಡ ಗೊತ್ತಿಲ್ಲದವರೆಲ್ಲ ಚಿತ್ರಾನ್ನ ಕಟ್ಟಿಕೊಂಡು ಹೊರಟರು. ಮೊಟ್ಟೆಯಾಕಾರದ ಚೆಂಡು, ಮೂವತ್ತು ಜನರ ಕುಸ್ತಿ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಿದ್ದವನಿಗೇ ಕೊಡಬೇಕು. "ಮುಂದೆ ಹೋಗೋಕೆ ಹಿಂದಕ್ಕೆ ಎಸೀತಾರಲ್ರೀ, ಥೇಟ್ ನಮ್ಮ ಫೈಲಿನ ಹಾಗೆ," ಎಂದು ಚಂದ್ರಕಾಂತ ನಗಿಸಿದ್ದರು. ನಗುತ್ತ ನೋಡತೊಡಗಿದವರು ಅಯ್ಯಣ್ಣ ಓಡಿದ್ದನ್ನು ಕಂಡು ಬಾಯಿ ಮುಚ್ಚಿದರು. ಯಾವುದೋ ಶಿಬಿರದಲ್ಲಿ ಅವರ ಬಲಭುಜ ಕೀಲು ತಪ್ಪಿತ್ತಂತೆ. ಹಾಗಾಗಿ ಹೆಂಗಸರು ಕೂಸನ್ನು ಸೊಂಟಕ್ಕೇರಿಸಿಕೊಂಡ ಹಾಗೆ ಚೆಂಡನ್ನು ಎಡಗೈಯಲ್ಲಿ ಅವುಚಿಕೊಂಡು ಓಡುತ್ತಿದ್ದರು. ಎಡಗೈ ಅಯ್ಯಣ್ಣ ಎಂಬ ಹೆಸರು ಬಂದದ್ದು ಹಾಗೆ.

ಸಂತಾಪ ಸಭೆ ಬರುವ ಭಾನುವಾರ ಎಂದು ಗೊತ್ತಾಯಿತು. ಫ್ಲೆಕ್ಸ್ ಮಾಡಿಸುವುದು ಚಂದ್ರಕಾಂತರ ಪಾಲಿಗೆ, ಎರಡು ಪುಟದ ನುಡಿನಮನ ಬರೆಯುವುದು ಶಂಕರಪ್ಪನವರ ಪಾಲಿಗೆ. ಫ್ಲೆಕ್ಸಿಗೆ ಯಾವ ಚಿತ್ರ ಎಂದು ಕೇಳುವ ಅಗತ್ಯವೇ ಇರಲಿಲ್ಲ. 1974ರ ಆಗಸ್ಟಿನ ಮಳೆಯಲ್ಲಿ ಕಲ್ಕತ್ತಾದ ಕ್ಲಬ್ಬಿನ ಎದುರಿನ ಪಂದ್ಯದ ಕೊನೆಯ ನಿಮಿಷದಲ್ಲಿ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿ ಗೆಲ್ಲಿಸಿದ ಓಟದ ಚಿತ್ರ. ತಲೆಯಿಂದ ಕಾಲಿನವರೆಗೆ ಕೆಸರು ಮೆತ್ತಿದ ಒಬ್ಬ, ಬಾಯಿ ತೆರೆದು ಓಡಿಬರುತ್ತಿದ್ದಾನೆ. ಹಳೆಯ ಸ್ಮರಣ ಸಂಚಿಕೆಯಲ್ಲಿ ಬಂದದ್ದೂ ಅದೇ, ಹತ್ತಾರು ಮನೆಗಳ ಗೋಡೆಯಲ್ಲಿದ್ದದ್ದೂ ಅದೇ. ಮೂಲ ಪ್ರತಿ ಶಂಕರಪ್ಪನವರ ಬಳಿ ಇತ್ತು. ಅದರ ಹಿಂದೆ 'ಅಯ್ಯಣ್ಣ' ಎಂದು ಟೈಪು ಮಾಡಿ ಅಂಟಿಸಿದ್ದವರೂ ಅವರೇ.

ಶುಕ್ರವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಆ ಚಿತ್ರ ಇಟ್ಟುಕೊಂಡು ಬರೆಯಲು ಕುಳಿತರು. ಎರಡು ಸಾಲು ಹೊಡೆದುಹಾಕಿ ಮೂರನೆಯದು ಬರೆದರು: 'ಚೆಂಡು ಅವರ ಎಡಗೈ ಬಿಟ್ಟು ಕದಲಿದ್ದನ್ನು ನಾವು ಕಾಣಲಿಲ್ಲ.' ಬರೆದದ್ದು ಸರಿಯೇ ಎಂದು ನೋಡುವುದು ಅವರ ಹಳೆಯ ಚಾಳಿ. ಚಿತ್ರದ ಕಡೆ ಕಣ್ಣು ಹಾಯಿಸಿದರು. ಚೆಂಡು ಬಲಗೈಯಲ್ಲಿತ್ತು.

ಫೋಟೋ ತೊಳೆಯುವಾಗ ಎಡಬಲ ಅದಲುಬದಲಾಗಿರಬಹುದು ಎಂದುಕೊಂಡು ಭೂತಗನ್ನಡಿ ತಂದರು. ಹಿಂದುಗಡೆ ನಿಂತಿದ್ದ ನೀರಿನ ಲಾರಿಯ ನಂಬರು ನೇರವಾಗಿಯೇ ಓದಲು ಬರುತ್ತಿತ್ತು. ಅಂದರೆ ಚಿತ್ರ ಸರಿಯಾಗಿದೆ. ಅವತ್ತು ಕೊನೆಯ ಓಟದಲ್ಲಿ ಸೈನ್ಯದ ತಂಡದವರ ಪೈಕಿ ಚೆಂಡಿನ ಹತ್ತಿರ ಇದ್ದವರು ಇಬ್ಬರೇ ಎಂದು ಪತ್ರಿಕೆಯಲ್ಲೂ ಬಂದಿತ್ತು. ಒಬ್ಬರು ಅಯ್ಯಣ್ಣ. ಇನ್ನೊಬ್ಬರು ತಂಡದ ಎರಡನೆಯ ಕೊಡಗಿನವರಾದ ಚಿಣ್ಣಪ್ಪ, ಅದೇ ಎತ್ತರ, ಅದೇ ಮೀಸೆ, ಮುಂದಿನ ತಿಂಗಳೇ ಮೊಣಕಾಲು ಮುರಿದು ಆಟದಿಂದ ಮರೆಯಾದವರು.

"ಏನ್ರೀ, ಬೆವರ್ತಿದ್ದೀರಲ್ಲ," ಅಂದರು ಹೆಂಡತಿ ಸೀತಮ್ಮ.

"ನಾನೊಂದು ತಪ್ಪು ಮಾಡಿದ್ದೀನಿ ಕಣೆ. ಮೂವತ್ತೆರಡು ವರ್ಷದ ಹಿಂದೆ."

ಸ್ಮರಣ ಸಂಚಿಕೆಗೆಂದು ಫೋಟೋಗ್ರಾಫರ್ ಪ್ರತಿಗಳನ್ನು ಕಚೇರಿಗೆ ತಂದುಕೊಟ್ಟಾಗ ಅಲ್ಲಿನ ಸಾಹೇಬರು ಹಿಂದೆ ಹೆಸರು ಬರೆದಿಡಲು ಹೇಳಿದ್ದರು. ಇವರು ಕೋಣೆಯಲ್ಲಿದ್ದವರನ್ನು ಕೇಳಿದರು. "ಇನ್ಯಾರ್ರೀ, ಅಯ್ಯಣ್ಣ," ಎಂದರು ಎಲ್ಲರೂ. ಕಂಟೋನ್ಮೆಂಟಿಗೆ ಹೋಗಿ ಆಟಗಾರರನ್ನೇ ಕೇಳಬಹುದಿತ್ತು. ಕೇಳಲಿಲ್ಲ.

ಚಂದ್ರಕಾಂತರ ಮನೆಗೆ ಹೋಗಿ ಹೇಳಿದರೆ ಅವರು ಕನ್ನಡಕ ಹಣೆಗೇರಿಸಿ ನೋಡಿದರು. "ಅವತ್ತೊಂದಿನ ಬಲಗೈಯಲ್ಲಿ ಹಿಡಿದಿದ್ದರು ಅಂದುಕೊಳ್ಳಿ. ಫ್ಲೆಕ್ಸ್ ಆಗಲೇ ಪ್ರಿಂಟಾಗಿದೆ. ಪೂವಮ್ಮನವರು ಗಂಡನ್ನ ಕಳಕೊಂಡು ಹತ್ತು ದಿನ ಆಗಿಲ್ಲ, ಅವರ ಮುಂದೆ ಹೋಗಿ ಈ ಚಿತ್ರ ನಿಮ್ಮ ಯಜಮಾನರದಲ್ಲ ಅಂತೀರಾ? ಬಿಟ್ಟಾಕಿ."

ಬಿಟ್ಟು ಹಾಕಲು ಆಗಲಿಲ್ಲ. ಹೇಳಿದರೆ ಆ ಹೆಂಗಸಿನ ಎದೆಗೆ ಕಲ್ಲು ಹಾಕಿದಂತೆ. ಹೇಳದಿದ್ದರೆ ಬದುಕಿರುವವರದನ್ನು ಕಿತ್ತು ಸತ್ತವರಿಗೆ ಕೊಟ್ಟಂತೆ, ಅದೂ ಎರಡನೆಯ ಸಲ. ಶನಿವಾರ ಮಧ್ಯಾಹ್ನ ಮೂರು ಬಸ್ಸು ಬದಲಿಸಿ ಗ್ರೇಟರ್ ನೋಯ್ಡಾ ತಲುಪಿದರು. ಚಿಣ್ಣಪ್ಪನವರ ಮಗಳು ಧನ್ಯಾ ಅಲ್ಲಿನ ಕಾಲೇಜೊಂದರಲ್ಲಿ ಕಲಿಸುತ್ತಿದ್ದಳು. ಅವರು ಅವಳ ಜೊತೆಗಿದ್ದರು. ಕೋಲೂರಿಕೊಂಡು ಬಂದು ಬಾಗಿಲು ತೆರೆದರು.

ಚಿತ್ರವನ್ನು ಕೈಗಿತ್ತು ಶಂಕರಪ್ಪ ತೊದಲುತ್ತ ಎಲ್ಲ ಹೇಳಿದರು. ಚಿಣ್ಣಪ್ಪ ಅದರ ಮೇಲೆ ಒಮ್ಮೆ ಕಣ್ಣು ಹಾಯಿಸಿದರು, ಅಷ್ಟೇ.

"ಇದನ್ನ ಯಾಕೆ ತಂದ್ರಿ?"

"ಇದು ನೀವೇ ಇರಬಹುದು ಅಂತ."

"ಇರಬಹುದು."

"ಅಂದ್ರೆ?"

"ಮುಖದ ಮೇಲೆ ಒಂದಿಂಚು ಕೆಸರು ಇತ್ರೀ. ಚೆಂಡು ಅವನಿಂದ ನನಗೆ ಬಂತು, ನನ್ನಿಂದ ಅವನಿಗೆ ಹೋಯ್ತು, ಮತ್ತೆ ಬಂತೋ ಇಲ್ವೋ. ಗೆರೆ ದಾಟಿದಾಗ ಅದರ ಮೇಲೆ ನನ್ನ ಕೈನೂ ಇತ್ತು, ಅವನ ಕೈನೂ ಇತ್ತು, ನಮ್ಮ ಮೇಲೆ ಕಲ್ಕತ್ತಾದ ನಾಲ್ಕು ಹೋರಿಗಳು. ಏಳೋ ಹೊತ್ತಿಗೆ ಜನ ಅಯ್ಯಣ್ಣ ಅಯ್ಯಣ್ಣ ಅಂತ ಕೂಗ್ತಿದ್ರು. ನೀವೂ ಕೂಗ್ತಿದ್ರಲ್ಲ?"

"ಕೂಗಿದ್ದೆ," ಅಂದರು ಶಂಕರಪ್ಪ.

"ಮತ್ತೇನು. ನನ್ನ ಕಾಲು ಹೋದ ಮೇಲೆ ಅವನು ಪ್ರತಿ ಭಾನುವಾರ ಆಸ್ಪತ್ರೆಗೆ ಬರ್ತಿದ್ದ. ಹನ್ನೊಂದು ಭಾನುವಾರ. ಕಿತ್ತಳೆ ಸುಲಿದು ಕೊಡ್ತಿದ್ದ, ಮಾತಾಡ್ತಿರಲಿಲ್ಲ. ಏನೋ ಹೇಳೋಕೆ ಬಂದವನ ಹಾಗೆ ಕಾಣ್ತಿದ್ದ. ನಾನೂ ಕೇಳಲಿಲ್ಲ." ಚಿತ್ರವನ್ನು ಹಿಂದಕ್ಕೆ ಚಾಚಿದರು. "ನೀವು ಇದನ್ನ ಇಬ್ಬರೂ ಇದ್ದಾಗ ತರಬೇಕಿತ್ತು ಶಂಕರಪ್ಪ."

ಒಳಗಿನಿಂದ ಬಂದ ಧನ್ಯಾ ಬಗ್ಗಿ ನೋಡಿದಳು. "ಪಪ್ಪಾ, ಯೇ ಆಪ್ ಹೋ? ನೀವೇನಾ?"

"ಇವರಿಗೆ ಚಹಾ ಮಾಡು ಹೋಗು," ಅಂದರು ಚಿಣ್ಣಪ್ಪ.

ಬಸ್ ಸ್ಟಾಪಿನವರೆಗೆ ಅವಳೇ ಕಾರಿನಲ್ಲಿ ಬಿಟ್ಟಳು. ಅವರು ಇಳಿಯುವಾಗ ಕೇಳಿದಳು, "ಅಂಕಲ್, ಪಪ್ಪಾ ಸಚ್ ಮೇ, ನಿಜವಾಗ್ಲೂ ಆಡ್ತಿದ್ರಾ? ಮೊಣಕಾಲು ಸ್ಕೂಟರ್‌ನಿಂದ ಬಿದ್ದಿದ್ದು ಅಂತ ನಮಗೆ ಹೇಳಿದ್ರು."

"ಆಡ್ತಿದ್ರಮ್ಮ. ತುಂಬ ಚೆನ್ನಾಗಿ ಆಡ್ತಿದ್ರು."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೊಸೈಟಿಯ ಸಭಾಂಗಣದಲ್ಲಿ ನೂರು ಜನ ಸೇರಿದ್ದರು. ವೇದಿಕೆಯ ಮೇಲೆ ಎಂಟಡಿ ಫ್ಲೆಕ್ಸ್. ಕೆಸರಿನ ಮನುಷ್ಯ ಬಲಗೈಯಲ್ಲಿ ಚೆಂಡು ಅವುಚಿಕೊಂಡು ಓಡಿಬರುತ್ತಿದ್ದ, ಕೆಳಗೆ ದಪ್ಪಕ್ಷರದಲ್ಲಿ 'ಎಡಗೈ ಅಯ್ಯಣ್ಣ ಅಮರ' ಎಂದಿತ್ತು. ಒಬ್ಬರೂ ಗಮನಿಸಿರಲಿಲ್ಲ. ನಿವೃತ್ತ ಕರ್ನಲ್ ಒಬ್ಬರು ಮಾತಾಡಿದರು. ಚಂದ್ರಕಾಂತ ಹಳೆಯ ಫೈಲಿನ ಜೋಕು ಹೇಳಿ ತಾವೇ ಅತ್ತರು. ಮುಂದಿನ ಸಾಲಿನಲ್ಲಿ ಪೂವಮ್ಮ ಬಿಳಿ ಸೀರೆಯುಟ್ಟು ಕೈ ಮಡಿಲಲ್ಲಿಟ್ಟು ಕೂತಿದ್ದರು. ಚಿಣ್ಣಪ್ಪನವರಿಗೆಂದು ಹಿಡಿದಿಟ್ಟ ಕುರ್ಚಿ ಖಾಲಿಯಿತ್ತು. ಧನ್ಯಾ ಮಾತ್ರ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು.

ಶಂಕರಪ್ಪನವರ ಸರದಿ ಬಂತು. ಎರಡು ಪುಟ ಓದಿ ಇಳಿದುಬಿಡಬಹುದಿತ್ತು. ಕಾಗದವನ್ನು ಮಡಿಸಿ ಜೇಬಿಗಿಟ್ಟರು.

"ಹಿಂದಿರುವ ಈ ಚಿತ್ರಕ್ಕೆ ಹೆಸರು ಬರೆದವನು ನಾನು. ಆಡಿದವರನ್ನ ಕೇಳದೆ ಬರೆದೆ. ಅಯ್ಯಣ್ಣನವರು ಚೆಂಡನ್ನ ಎಡಗೈಯಲ್ಲಿ ಹಿಡೀತಿದ್ರು, ನಮಗೆಲ್ಲ ಗೊತ್ತು. ಇಲ್ಲಿ ಬಲಗೈಯಲ್ಲಿದೆ. ಇದು ಚಿಣ್ಣಪ್ಪನವರೂ ಇರಬಹುದು. ಆ ದಿನ ಅವರೂ ಓಡಿದ್ರು, ನಾವು ಅವರ ಹೆಸರು ಕೂಗಲಿಲ್ಲ. ಪೂವಮ್ಮನವರು ನನ್ನನ್ನ ಕ್ಷಮಿಸಬೇಕು."

ನೂರು ತಲೆಗಳು ಫ್ಲೆಕ್ಸಿನ ಕಡೆ ತಿರುಗಿದವು. "ಇದನ್ನ ಇವತ್ತೇ ಹೇಳಬೇಕಿತ್ತಾ?" ಎಂದು ಯಾರೋ ಗೊಣಗಿದರು. ಚಂದ್ರಕಾಂತ ಬಂದು ಶಂಕರಪ್ಪನವರ ತೋಳು ಹಿಡಿದು ಕೆಳಗಿಳಿಸಿದರು. ಹಿಡಿತ ಬಿಗಿಯಾಗಿತ್ತು.

ಸಭೆ ಮುಗಿದ ಮೇಲೆ ಯಾರೂ ಅವರ ಹತ್ತಿರ ಬರಲಿಲ್ಲ, ಪೂವಮ್ಮ ಮಾತ್ರ ಬಂದರು. ಶಂಕರಪ್ಪ ಕೈಮುಗಿದು ನಿಂತರು.

"ನಮ್ಮನೆಯಲ್ಲಿ ಈ ಚಿತ್ರಕ್ಕೆ ಕಟ್ಟು ಹಾಕಿಸಿದ್ದು ನಾನು," ಅಂದರು ಪೂವಮ್ಮ. ದನಿಯಲ್ಲಿ ಸಿಟ್ಟಿತ್ತೋ ದಣಿವೋ ತಿಳಿಯಲಿಲ್ಲ. "ಬಂದವರಿಗೆಲ್ಲ ತೋರಿಸ್ತಿದ್ದೆ. ನಮ್ಮ ಯಜಮಾನರು ಒಳ್ಳೇ ಓಟ ಅಂತಿದ್ರು. ನನ್ನ ಓಟ ಅಂತ ಅಂದದ್ದು ನನಗೆ ನೆನಪಿಲ್ಲ. ಇಷ್ಟು ವರ್ಷ ಅದು ಅವರ ವಿನಯ ಅಂದುಕೊಂಡಿದ್ದೆ." ಫ್ಲೆಕ್ಸಿನ ಕಡೆ ಕೈ ತೋರಿಸಿದರು. "ಇನ್ನು ಮೇಲೆ ಏನಂದುಕೊಳ್ಳಲಿ, ಹೇಳಿ."

ಉತ್ತರಕ್ಕೆ ಕಾಯದೆ ಬಾಗಿಲ ಕಡೆ ನಡೆದರು.

ಸಭಾಂಗಣದ ಆ ತುದಿಯಲ್ಲಿ ಧನ್ಯಾ ಮೊಬೈಲಿನಲ್ಲಿ ಫ್ಲೆಕ್ಸಿನ ಚಿತ್ರ ತೆಗೆದುಕೊಳ್ಳುತ್ತಿದ್ದಳು. ಕೆಳಗಿನ ಅಕ್ಷರ ಬಾರದ ಹಾಗೆ ನಿಲ್ಲಲು ಎರಡು ಸಲ ಜಾಗ ಬದಲಿಸಿದಳು.

ಶಂಕರಪ್ಪ ಮನೆಗೆ ಬಂದು ಮೂಲ ಪ್ರತಿಯ ಹಿಂದಿನ ಹಳೆಯ ಚೀಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕಿತ್ತರು. ಆ ಜಾಗದಲ್ಲಿ ಪೆನ್ಸಿಲಿನಿಂದ 'ಅಯ್ಯಣ್ಣ ಅಥವಾ ಚಿಣ್ಣಪ್ಪ' ಎಂದು ಬರೆದು ತಾರೀಖು ಹಾಕಿದರು. ಸೀತಮ್ಮ ಅದನ್ನು ನೋಡಿ, ಊಟಕ್ಕೆ ಏಳಿ ಎಂದರು.

ಆ ಚಿತ್ರದಲ್ಲಿ ಓಡುತ್ತಿರುವವರು ಯಾರು ಎಂಬುದು ಇವತ್ತಿಗೂ ತಿಳಿದಿಲ್ಲ. ಅಯ್ಯಣ್ಣನವರಿಗೆ ಗೊತ್ತಿತ್ತೋ, ಗೊತ್ತಿದ್ದೂ ಸುಮ್ಮನಿದ್ದರೋ, ಆ ಹನ್ನೊಂದು ಭಾನುವಾರ ಏನು ಹೇಳಲು ಹೋಗಿದ್ದರೋ, ಅದೂ ತಿಳಿದಿಲ್ಲ. ಶಂಕರಪ್ಪನವರು ಮಾಡಿದ್ದು ಸರಿಯೇ ಎಂದು ಕೇಳಿದರೆ, ಅದನ್ನೂ ಹೇಳಲಾಗದು.